ಒಣಗಿದ ಸಾಲಿನವನು

ಗುಳಿಗೆ ನಾಲಿಗೆಯ ಕೆಳಗೆ ಇರುವಷ್ಟು ಹೊತ್ತು ಸಾಗರ ಮಾತಾಡುವಂತಿರಲಿಲ್ಲ. ನೀರು ಕುಡಿಯುವಂತಿಲ್ಲ, ಉಗುಳು ನುಂಗುವಂತಿಲ್ಲ. ಅದು ತಾನಾಗಿಯೇ ಕರಗಿ ಹೋಗಬೇಕು. ಗುಳಿಗೆಯ ಪಟ್ಟಿಯನ್ನು ಬೀಗದಲ್ಲಿಟ್ಟು ದಿನಾ ಬೆಳಿಗ್ಗೆ ಒಂದನ್ನು ಕೊಡುವುದು, ಕರಗುವ ತನಕ ಎದುರಿಗೆ ಕೂತು ನೋಡುವುದು ಅಕ್ಕ ಮಲ್ಲಿಕಾಳ ಕೆಲಸ. ಹುಬ್ಬಳ್ಳಿಯ ಡಾಕ್ಟರಮ್ಮ ಅದನ್ನು ಅವಳಿಗೆ ವಹಿಸಿ ವರ್ಷದ ಮೇಲಾಗಿತ್ತು. ಸವಣೂರಿನ ಹೈಸ್ಕೂಲಿನಲ್ಲಿ ಕನ್ನಡ ಕಲಿಸುವ ಮಲ್ಲಿಕಾ ಸ್ನಾನ ಮುಗಿಸಿ, ಸೀರೆಯ ನೆರಿಗೆ ಸರಿಪಡಿಸಿಕೊಳ್ಳುತ್ತ ಪಡಸಾಲೆಗೆ ಬರುವಳು. ತಮ್ಮ ಬಾಯಿ ತೆರೆಯುವನು. ಆಮೇಲೆ ಇಬ್ಬರೂ ಎದುರುಬದುರು, ಮಾತಿಲ್ಲದೆ.

ಆ ಮಾತಿಲ್ಲದ ಹೊತ್ತಿನಲ್ಲೇ ಒಂದು ಬೆಳಿಗ್ಗೆ, ಹಿತ್ತಲಿನಾಚೆಯ ವೀಳ್ಯದ ಎಲೆತೋಟದಿಂದ ಸಾಗರ ಕರೆದ.

"ಅಕ್ಕಾ... ಒಂದೀಟ ಬಾ ಇಲ್ಲೆ."

"ಬಂದೆ" ಎನ್ನಲು ಬಾಯಿ ತೆರೆದ ಮಲ್ಲಿಕಾ ಹಾಗೆಯೇ ಉಳಿದಳು. ಸಾಗರ ಎದುರಿಗೇ ಕೂತಿದ್ದ. ತುಟಿ ಮುಚ್ಚಿತ್ತು. ಕೆನ್ನೆಯ ಒಂದು ನರವೂ ಅಲುಗಿರಲಿಲ್ಲ.

"ಅಕ್ಕಾ."

ದನಿ ಅವನದೇ. ಆದರೆ ಈ ವರ್ಷದ ಸಾಗರನ ದನಿಯಲ್ಲ. ಈಗಿನ ಸಾಗರ ಒರಟಾಗಿ, ತಡೆದು ತಡೆದು ಮಾತಾಡುತ್ತಾನೆ. ತೋಟದಿಂದ ಬಂದದ್ದು ಅದಕ್ಕೂ ಹಿಂದಿನ ದನಿ. ಏನನ್ನಾದರೂ ಕೇಳುವ ಮುನ್ನ 'ಅಕ್ಕಾ' ಎಂದು ಬೆಲ್ಲದ ಪಾಕದಂತೆ ಎಳೆಯುತ್ತಿದ್ದ ದನಿ. ಬಾಗಿಲ ಹಿಂದೆ ನಿಂತು, ಇದೇ ಕೊನೆಯ ಸಲ ಎಂದು ಆಣೆ ಮಾಡುತ್ತಿದ್ದ ದನಿ. ಮಲ್ಲಿಕಾ ಎದ್ದು ಹಿತ್ತಲ ಬಾಗಿಲಿಗೆ ಹೋದಳು. ಬಾವಿಯ ಕಟ್ಟೆಯನ್ನು ದಾಟಿ, ಬಿದಿರಿನ ಗೇಟಿನ ತನಕ ಹೋಗಿ ನಿಂತಳು. ಚೊಗಚೆ ಗಿಡಗಳ ಮೈ ಸುತ್ತಿ ಮೇಲೇರಿದ ಬಳ್ಳಿ, ಬಳ್ಳಿಯ ಹಿಂದೆ ಬಳ್ಳಿ, ಹಸಿರು ಕತ್ತಲೆ. ಯಾರೂ ಇರಲಿಲ್ಲ. ಒಂದು ಎಲೆಯೂ ಅಲ್ಲಾಡುತ್ತಿರಲಿಲ್ಲ.

ಮರಳಿ ಬಂದಾಗ ಸಾಗರನ ಗುಳಿಗೆ ಕರಗಿತ್ತು. ಅವನು ನೀರು ಕುಡಿಯುತ್ತಿದ್ದ.

"ಏನಾತಕ್ಕ?"

"ಏನಿಲ್ಲ. ಬೆಕ್ಕು."

ಸುಳ್ಳು ಹೇಳಿದ್ದಕ್ಕೆ ಅವಳಿಗೇ ಇರಿಸುಮುರಿಸಾಯಿತು. ಈ ಮನೆಯಲ್ಲಿ ಸುಳ್ಳು ಬೇಡ ಎಂದು ಕಟ್ಟಳೆ ಮಾಡಿದವಳು ಅವಳೇ.

ಈಗ ಗ್ಯಾರೇಜಿನಲ್ಲಿ ದುಡಿಯುವ ಸಾಗರ ಮೊದಲು ಶಿಗ್ಗಾಂವಿಯಿಂದ ಟೆಂಪೊ ಓಡಿಸುತ್ತಿದ್ದ. ಹೆದ್ದಾರಿಯಲ್ಲಿ ಟೆಂಪೊ ಮಗುಚಿ ಸೊಂಟಕ್ಕೆ ಪೆಟ್ಟಾಯಿತು. ನೋವಿಗೆಂದು ಕೊಟ್ಟ ಗುಳಿಗೆಗಳು ನೋವು ಹೋದ ಮೇಲೂ ಹೋಗಲಿಲ್ಲ. ಅವಿಲ್ಲದೆ ಹಾಸಿಗೆಯಿಂದ ಏಳಲಾಗದ ಸ್ಥಿತಿಗೆ ಬಂದ. ಆಮೇಲೆ ನುಂಗುವುದು ಸಾಲದಾಯಿತು, ಪೊಟ್ಟಣದ ಪುಡಿಯ ನಶೆಗೆ ಇಳಿದ. ಅಪ್ಪ ಅವ್ವ ಇಬ್ಬರೂ ಆಗಲೇ ತೀರಿಹೋಗಿದ್ದರು. ನೋಡಬೇಕಾದ ಸಂಕಟವನ್ನೆಲ್ಲ ಮಲ್ಲಿಕಾ ಒಬ್ಬಳೇ ನೋಡಿದಳು. ಒಂದು ಮಧ್ಯಾಹ್ನ ಎಲೆ ಕೊಯ್ಯಲು ಹೋದ ದೊಡ್ಡಪ್ಪ ಉಳಿವೆಪ್ಪನಿಗೆ, ತೋಟದ ನಡುಸಾಲಿನಲ್ಲಿ ಬಳ್ಳಿಗಳ ಬುಡಕ್ಕೆ ತಲೆಯಿಟ್ಟು ಮಲಗಿದ್ದ ಸಾಗರ ಸಿಕ್ಕ. ತುಟಿ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿದ್ದವು. ಆಂಬುಲೆನ್ಸಿನವರು ಬರುವ ಹೊತ್ತಿಗೆ ಉಸಿರು ನಿಂತೇ ಹೋಗಿತ್ತು. ಅವರು ಎದೆ ಒತ್ತಿದರು, ಸೂಜಿ ಕೊಟ್ಟರು. ಹೋದ ಉಸಿರು ಮರಳಿತು. ಆ ನಶೆ ಮತ್ತೆ ಹತ್ತದಿರಲೆಂದೇ ನಾಲಿಗೆಯ ಕೆಳಗಿನ ಈ ಗುಳಿಗೆ ಶುರುವಾದದ್ದು.

ಆದರೆ ಅವನು ಬಿದ್ದ ಸಾಲಿನ ಬಳ್ಳಿಗಳು ಆ ತಿಂಗಳೇ ಒಣಗಿದವು. ಅಕ್ಕಪಕ್ಕದ ಸಾಲುಗಳು ಹಚ್ಚಗಿದ್ದವು. ದೊಡ್ಡಪ್ಪ ಒಣಬಳ್ಳಿಯನ್ನು ಕಿತ್ತು ಸುಟ್ಟ, ಹೊಸದನ್ನು ನೆಡಲಿಲ್ಲ. ತುಂಬಿದ ತೋಟದ ನಡುವೆ ಬೋಳು ಚೊಗಚೆಗಳ ಒಂದು ಸಾಲು ಉಳಿಯಿತು, ಬಾಯೊಳಗೆ ಹಲ್ಲು ಬಿದ್ದ ಜಾಗದ ಹಾಗೆ. ಆವತ್ತಿನಿಂದ ಸಾಗರನಿಗೆ ತೋಟದ ಗೇಟು ಮುಚ್ಚಿತು. ಎಲೆತೋಟದವರ ನೇಮ ಹಳೆಯದು: ಮಿಂದು ಹೋಗಬೇಕು, ಚಪ್ಪಲಿ ಹೊರಗೆ ಬಿಡಬೇಕು, ನಶೆಯಲ್ಲಿದ್ದವನು ಬಳ್ಳಿ ಮುಟ್ಟಬಾರದು, ಮುಟ್ಟಿದರೆ ಬಳ್ಳಿ ನಿಲ್ಲುವುದಿಲ್ಲ. ಮಲ್ಲಿಕಾ ಇದನ್ನು ನಂಬುತ್ತಿರಲಿಲ್ಲ. ಬೇರಿಗೆ ರೋಗ ಬಂದಿರಬೇಕು ಎಂದು ತನಗೆ ತಾನೇ ಹೇಳಿಕೊಂಡಿದ್ದಳು. ಆದರೂ ಆ ಸಾಲಿನ ಕಡೆ ಬೆನ್ನು ಹಾಕಿ ನಿಲ್ಲಲು ಅವಳಿಗೆ ಧೈರ್ಯ ಸಾಲುತ್ತಿರಲಿಲ್ಲ.

ದನಿ ಕೇಳಿದ ವಾರವೇ ಹುಲಗೂರಿನ ನಿಯಾಜ ಎಲೆ ಒಯ್ಯಲು ಬಂದ. ಅವನು ಎಲೆಯ ಪೆಂಡಿಗಳನ್ನು ಹಸಿ ಗೋಣಿಯಲ್ಲಿ ಸುತ್ತಿ ಬಸ್ಸಿಗೆ ಹಾಕುವ ವ್ಯಾಪಾರಿ, ಬಾಯಿ ಸುಮ್ಮನಿರದು.

"ಟೀಚರಮ್ಮಾರ, ನಿಮ್ಮ ತಮ್ಮಗ ಒಂದೀಟ ಬುದ್ಧಿ ಹೇಳ್ರಿ. ಹೋದ ವಾರ ಬಂದಾಗ ತ್ವಾಟದಾಗಿಂದ 'ನಿಯಾಜಣ್ಣಾ, ನಿಯಾಜಣ್ಣಾ' ಅಂತ ಕರದ. ಗೋಣಿ ಅಲ್ಲೇ ಒಗದು ಓಡಿ ಹ್ವಾದೆ. ನೋಡಿದ್ರ ಮನಶ್ಯಾನ ಇಲ್ಲ! ಕಣ್ಣಾಮುಚ್ಚಾಲಿ ಆಡೂ ವಯಸ್ಸೇನ್ರಿ ಅವಂದು?"

"ಹೋದ ವಾರ ಯಾವತ್ತ್ರಿ?"

"ಬೇಸ್ತವಾರ. ಆಮ್ಯಾಲ ನಾ ದರ್ಗಾಕ್ಕ ಹೋಗಾವಿದ್ದೆ, ಅದಕ್ಕ ನೆನಪೈತಿ."

ಬೇಸ್ತವಾರ ಸಾಗರ ಮಲ್ಲಿಕಾಳ ಜೊತೆಗೆ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿದ್ದ. ಹೇಳಿದರೆ ನಿಯಾಜ ಮತ್ತೆ ಈ ಅಂಗಳಕ್ಕೆ ಕಾಲಿಡಲಿಕ್ಕಿಲ್ಲ ಎಂದು ಸುಮ್ಮನಾದಳು. ಕಟ್ಟೆಯ ಮೇಲೆ ಪೆಂಡಿ ಕಟ್ಟುತ್ತಿದ್ದ ದೊಡ್ಡಪ್ಪನ ಕೈ ಮಾತ್ರ ನಿಂತಿತು. ನಿಯಾಜ ಹೋದ ಮೇಲೆ ಅವನು ತಲೆ ಎತ್ತದೆ ಹೇಳಿದ:

"ಅಂವ ಪೂರಾ ಎದ್ದು ಬಂದಿಲ್ಲವ್ವ. ಅರ್ಧ ಅಲ್ಲೇ ಉಳದಾನ."

"ಏನಂತ ಮಾತಾಡತೀರಿ ದೊಡ್ಡಪ್ಪ! ಎದುರಿಗೆ ಓಡಾಡಕೊಂಡ ಇರೋ ಹುಡುಗ."

"ಓಡಾಡೋದು ಅರ್ಧ ಅಂದೆ."

ಮರುದಿನದಿಂದ ಆ ದನಿ ಬಿಡದೆ ಬಂತು. ಯಾವಾಗಲೂ ಅದೇ ಹೊತ್ತಿಗೆ, ಸಾಗರನ ಬಾಯಿ ಮುಚ್ಚಿದ ಮೇಲೆ. ಒಮ್ಮೆ ಸೊಂಟ ನೋಯುತ್ತದೆ ಎಂದಿತು, ಒಮ್ಮೆ ಹಸಿವು ಎಂದಿತು. ಒಮ್ಮೆ ಬರೀ ನಕ್ಕಿತು. ಸಾಗರನಿಗೆ ಕೇಳಿಸುತ್ತಿದೆಯೇ ಎಂದು ಅವಳು ಅವನ ಕಣ್ಣು ನೋಡುವಳು. ಅವನು ನೆಲ ನೋಡುವನು. ಕೇಳಲು ಅಂಜಿಕೆ. ಕೇಳಿಸುತ್ತದೆ ಎಂದರೆ ಏನು ಮಾಡುವುದು? ಕೇಳಿಸುವುದಿಲ್ಲ ಎಂದರೆ ತನ್ನ ತಲೆಯೇ ಕೆಟ್ಟಿದೆಯೇ? ಕೂತಿರಲಾರದೆ ಪ್ರತಿ ಸಲ ಎದ್ದು ಹಿತ್ತಲಿಗೆ ಹೋಗುವಳು. ಗೇಟಿನ ಬಳಿ ನಿಂತರೆ ದನಿ ಇನ್ನೊಂದು ಸಾಲು ಒಳಗೆ ಸರಿದಂತೆ ಕೇಳುವುದು. ಅವಳು ತಿರುಗಿ ಬರುವಷ್ಟರಲ್ಲಿ ಸಾಗರ ನೀರು ಕುಡಿದು ಮುಗಿಸಿರುವನು.

ಸುಡುವ ಬಿಸಿಲಿನಲ್ಲಿ ಕೂತ ತಮ್ಮನ ತೋಳಿನ ಮೇಲೆ ಚಳಿಗೆದ್ದಂತೆ ಮುಳ್ಳು ಎದ್ದದ್ದು ಅವಳ ಕಣ್ಣಿಗೆ ಬಿದ್ದದ್ದು ಒಂದು ರವಿವಾರ. ಅವನು ಆಕಳಿಸಿದ. ಮತ್ತೆ ಆಕಳಿಸಿದ. ಮೂಗು ಒರೆಸಿಕೊಂಡ. ಕಾಲು ಒಂದು ಕಡೆ ನಿಲ್ಲುತ್ತಿರಲಿಲ್ಲ.

"ನೆಗಡೀನ?"

"ಹೂಂ. ಗ್ಯಾರೇಜಿನಾಗ ಧೂಳ."

ಅವಳಿಗೆ ಈ ನೆಗಡಿ ಗೊತ್ತಿತ್ತು. ಅವನು ಎದ್ದು ಹೋದ ಮೇಲೆ ಬಚ್ಚಲಿಗೆ ಹೋಗಿ, ನೀರು ಹೋಗುವ ಕಿಂಡಿಯಲ್ಲಿ ಕೈ ಹಾಕಿ ತಡಕಿದಳು. ಕಲ್ಲಿನ ಸಂದಿಯಲ್ಲಿ ಅರ್ಧ ಕರಗಿದ ಗುಳಿಗೆಗಳು ಅಂಟಿಕೊಂಡಿದ್ದವು. ಕೆಲವು ಹಿಟ್ಟಾಗಿದ್ದವು, ಒಂದು ಇನ್ನೂ ದುಂಡಗಿತ್ತು. ತಾನು ದನಿಯ ಬೆನ್ನು ಹತ್ತಿ ಹಿತ್ತಲಿಗೆ ಓಡಿದ ಹೊತ್ತಿನಲ್ಲೆಲ್ಲ ಅವನು ಉಗುಳಿದ್ದ. ಮಲ್ಲಿಕಾ ಬಚ್ಚಲ ಗೋಡೆ ಹಿಡಿದು ಕೂತಳು. ಅವಳಿಗೆ ಅಳು ಬರಲಿಲ್ಲ. ಬಂದದ್ದು ಒಂದು ತಣ್ಣನೆಯ ಯೋಚನೆ: ಆ ದನಿ ಕರೆದದ್ದು ನನ್ನನ್ನು ಕರೆಯಲಿಕ್ಕಲ್ಲ, ತಮ್ಮನ ಎದುರಿನಿಂದ ಎಬ್ಬಿಸಲಿಕ್ಕೆ.

ಹೊರಗೆ ಬಂದರೆ ಸಾಗರ ಮನೆಯಲ್ಲಿರಲಿಲ್ಲ. ದೊಡ್ಡಪ್ಪ ಪಕ್ಕದಲ್ಲೇ ಇದ್ದ ತನ್ನ ಮನೆಯ ಕಟ್ಟೆಯ ಮೇಲೆ ಆಪು ಹುಲ್ಲನ್ನು ನೀರಿನಲ್ಲಿ ನೆನೆಹಾಕುತ್ತಿದ್ದ. ಬಳ್ಳಿ ಕಟ್ಟಲು ಬೇಕಾಗುವ ಹುಲ್ಲು. ತೋಟದಲ್ಲಿ ಬಳ್ಳಿ ಇಳಿಸುವ ಕಾಲ ಬಂದಿತ್ತು. ಚೊಗಚೆಯ ತಲೆ ಮುಟ್ಟಿದ ಬಳ್ಳಿಯ ಎಲೆ ಚಿಕ್ಕದಾಗುತ್ತ ಹೋಗುತ್ತದೆ. ಆಗ ಬಳ್ಳಿಯನ್ನು ಬಿಡಿಸಿ, ಮುರಿಯದಂತೆ ಕೆಳಗಿಳಿಸಿ, ಸಿಂಬೆಯಂತೆ ಸುತ್ತಿ ಬುಡದ ಮಣ್ಣಿನಲ್ಲಿ ಹೂಳಿ, ಕುಡಿಯನ್ನಷ್ಟೇ ಮೇಲೆ ಬಿಟ್ಟು ಮತ್ತೆ ಕಟ್ಟುತ್ತಾರೆ. ಅವಸರದವನ ಕೈಗೆ ಬಳ್ಳಿ ಮುರಿಯುತ್ತದೆ. ಸಾಗರನ ಕೈಯಲ್ಲಿ ಒಂದೂ ಮುರಿಯುತ್ತಿರಲಿಲ್ಲ ಎಂದು ದೊಡ್ಡಪ್ಪ ಎಲ್ಲರ ಮುಂದೆ ಹೇಳುತ್ತಿದ್ದ ಕಾಲವಿತ್ತು.

"ದೊಡ್ಡಪ್ಪ, ಸಾಗರ ಗುಳಿಗಿ ಉಗುಳಾಕತ್ತಾನ."

ಉಳಿವೆಪ್ಪ ಬೆಚ್ಚಲಿಲ್ಲ. "ನಾನ ಹೇಳಿದ್ದೆ," ಎಂದ.

"ಏನಂತ?"

"ಈ ಸಲ ಬಳ್ಳಿ ಇಳಸಾಕ ಬಾ ತಮ್ಮಾ, ಆದ್ರ ಆ ಗುಳಿಗಿ ಬಿಟ್ಟು ಬಾ ಅಂದೆ. ವರ್ಷಾನುಗಟ್ಟಲೆ ತಿನ್ನೂದು ಔಷಧ ಹೆಂಗಾದೀತವ್ವ? ಒಂದು ಬಿಟ್ಟು ಇನ್ನೊಂದು ಹಿಡದಂಗಾತು. ಬಳ್ಳಿಗೆ ಗೊತ್ತಾಗತೈತಿ."

"ನೀವು ಸಕ್ಕರಿ ಬ್ಯಾನಿಗೆ ದಿನಾ ನುಂಗತೀರಲ್ಲ, ಅದು?"

"ನನ್ನ ಗುಳಿಗಿ ತ್ವಾಟದಾಗ ನಿಂತು ನನ್ನ ಕರೆಯೂದಿಲ್ಲ."

ಮಲ್ಲಿಕಾ ಅವನ ಎದುರಿಗೆ ಕೂತಳು. ಆಮೇಲೆ, ಪಾಠ ಹೇಳುವಾಗಿನಂತೆ ಒಂದೊಂದೇ ಶಬ್ದ ಆರಿಸಿ ಹೇಳಿದಳು. "ದೊಡ್ಡಪ್ಪ, ಅಂವ ಈಗ ಗುಳಿಗಿ ಬಿಟ್ಟಾನ. ಮೈಗೆ ಮೊದಲಿನ ತಾಕತ್ತು ಇಲ್ಲ. ಸಂಕಟಕ್ಕ ಆ ಹಳೇದನ್ನ ಮೊದಲಿನಷ್ಟ ತಗೊಂಡ ಅಂದ್ರ, ಈ ಸಲ ಉಸಿರು ತಿರುಗಿ ಬರೂದಿಲ್ಲ. ಡಾಕ್ಟರು ನನಗ ಬಿಡಿಸಿ ಹೇಳ್ಯಾರ. ನಿಮಗ ಬಳ್ಳಿ ಬೇಕೋ, ಹುಡುಗ ಬೇಕೋ?"

ಹುಲ್ಲು ಅದ್ದುತ್ತಿದ್ದ ಮುದುಕನ ಕೈ ನೀರಿನಲ್ಲೇ ಉಳಿಯಿತು. "ನನಗ ಅಂವ ಪೂರಾ ಬೇಕಾಗಿದ್ದ," ಎಂದ ಮೆಲ್ಲಗೆ.

"ಎಲ್ಲಿ ಅದಾನ ಈಗ?"

"ನಾಳೆ ಬಳ್ಳಿ ಇಳಸೂದು. ಸಾಲು ನೋಡಕೊಂಡು ಬರತೇನಿ ಅಂತ... ತ್ವಾಟಕ್ಕ ಹ್ವಾದ."

ಮಲ್ಲಿಕಾ ಬೀಗ ತೆಗೆದು ಪಟ್ಟಿಯಿಂದ ಗುಳಿಗೆ ಕತ್ತರಿಸಿಕೊಂಡಳು. ಬಿದಿರಿನ ಗೇಟಿನ ಬಳಿ ಕಾಲು ತಾವಾಗಿಯೇ ಚಪ್ಪಲಿ ಬಿಟ್ಟವು. ಒಳಗೆ ಕಾಲಿಟ್ಟರೆ ಹೊರಗಿನ ಬಿಸಿಲು ಯಾವುದೋ ಬೇರೆ ಊರಿನದು ಎನ್ನಿಸಿತು. ನೆಲ ತಣ್ಣಗೆ, ಒದ್ದೆಯಾಗಿ ಪಾದಕ್ಕೆ ಅಂಟುತ್ತಿತ್ತು. ಎಲೆಯ ಖಾರದ ವಾಸನೆ ಗಂಟಲಿಗೆ ಹತ್ತಿತು. ಎರಡು ಸಾಲು ದಾಟಿರಬೇಕು, ಮಾತು ಕೇಳಿಸಿತು. ಇಬ್ಬರು ಮಾತಾಡುತ್ತಿದ್ದರು. ಒಬ್ಬ ಕೇಳುತ್ತಿದ್ದ, ಒಬ್ಬ ಬೇಡವೆನ್ನುತ್ತಿದ್ದ. ಎರಡೂ ಸಾಗರನ ದನಿಯೇ, ಒಂದು ಬೆಲ್ಲ, ಒಂದು ಒರಟು.

"ಒಂದ ಸಲಾ ಅಂದ್ರ ಒಂದ ಸಲಾ. ನಾಳೆ ಕೈ ನಡುಗಿದ್ರ ಬಳ್ಳಿ ಹೆಂಗ ಇಳಸ್ತೀ?"

"ಬ್ಯಾಡ."

"ಅಕ್ಕಗ ಯಾರ ಹೇಳ್ತಾರ? ನಾ ಹೇಳ್ತೇನೇನ?"

ಬೋಳು ಸಾಲಿನ ನಡುವೆ ಸಾಗರ ಒಬ್ಬನೇ ಮೊಣಕಾಲೂರಿ ಕೂತಿದ್ದ. ಅಂಗಿ ಬೆವರಿಗೆ ಬೆನ್ನಿಗಂಟಿತ್ತು. ಬಲಗೈ ಮುಷ್ಟಿ ಕಟ್ಟಿತ್ತು. ಅವನೆದುರಿಗೆ, ಅವನು ಹಿಂದೆ ತಲೆಯಿಟ್ಟಿದ್ದ ಜಾಗದಲ್ಲಿ, ಬರಿಯ ಮಣ್ಣು. ಬೋಳು ಚೊಗಚೆಗಳಿಂದ ಬಿಸಿಲು ಇಳಿದರೂ ಆ ಮಣ್ಣಿನ ಮೇಲೆ ಮಾತ್ರ ಮಲಗಿದ ಮೈಯಷ್ಟು ಉದ್ದದ ಒಂದು ನೆರಳಿತ್ತು. ಅದು ಯಾವುದರ ನೆರಳು ಎಂದು ಮಲ್ಲಿಕಾ ಮೇಲೆ ನೋಡಿದಳು. ಮೇಲೆ ಏನೂ ಇರಲಿಲ್ಲ.

ಅವಳು ಹುಬ್ಬಳ್ಳಿಗೆ ಫೋನು ಹಚ್ಚಿದಳು. ಡಾಕ್ಟರಮ್ಮ ಎಲ್ಲ ಕೇಳಿಕೊಂಡು, ಅವಸರವಿಲ್ಲದೆ ಒಂದೇ ಮಾತು ಹೇಳಿದರು: "ಬೇರೆ ಏನಾದ್ರೂ ತಗೊಂಡಾರೇನು ಕೇಳ್ರಿ. ತಗೊಂಡಿಲ್ಲ ಅಂದ್ರ ನಮ್ಮ ಗುಳಿಗಿ ಈಗ ಕೊಡಬಹುದು. ತಗೊಂಡಿದ್ರ ಕೊಡಬ್ಯಾಡ್ರಿ, ಸಂಕಟ ಇನ್ನೂ ಹೆಚ್ಚಾಗತೈತಿ. ಸೀದಾ ಆಸ್ಪತ್ರೆಗೆ ಕರಕೊಂಡು ಬರ್ರಿ. ಖರೇ ಹೇಳಬೇಕ ಅವರು."

ಖರೇ. ಇಷ್ಟು ವರ್ಷ ಈ ಹುಡುಗ ಹೇಳಿದ್ದರಲ್ಲಿ ಖರೇ ಯಾವುದು, ಸುಳ್ಳು ಯಾವುದು ಎಂದು ಅಳೆದು ಅಳೆದು ಅವಳ ತೂಕದ ಕಲ್ಲೇ ಸವೆದಿತ್ತು.

"ಸಾಗರ, ತಗೊಂಡಿಯೇನು?"

"ಇಲ್ಲಕ್ಕಾ," ಎಂದಿತು ದನಿ, ಥಟ್ಟನೆ, ಬೆಲ್ಲದ ಹಾಗೆ. "ನಿನ್ನಾಣಿ ಇಲ್ಲ. ನಾ ಯಾಕ ತಗೊಳ್ಳಲಿ?"

ಅದು ನೆಲದಿಂದ ಬಂದಿತ್ತು. ಸಾಗರನ ತುಟಿ ಅಲುಗಿರಲಿಲ್ಲ. ಅವನು ಅಕ್ಕನನ್ನು ನೋಡಿದ. ಕಣ್ಣಲ್ಲಿ ನೀರು, ಮೂಗಲ್ಲಿ ನೀರು, ಮುಖವೆಲ್ಲ ಹಿಂಡಿದ ಬಟ್ಟೆಯಂತಾಗಿತ್ತು. ತಡೆದು, ಒರಟಾಗಿ ಬಾಯಿ ಬಿಟ್ಟ.

"ಇನ್ನೂ ಇಲ್ಲ. ತಗೋಬೇಕಂತನ ಬಂದಿದ್ದೆ. ನಿನ್ನೆ ಶಿಗ್ಗಾಂವಿಯಿಂದ ತಂದಿಟ್ಟಿದ್ದೆ. ಇನ್ನೊಂದೀಟ ನೀ ಬರದಿದ್ರ ತಗೋತಿದ್ದೆ."

ಮುಷ್ಟಿ ಬಿಚ್ಚಿದ. ಬೆವರಿಗೆ ಒದ್ದೆಯಾದ ಕಾಗದದ ಪೊಟ್ಟಣ, ಮಡಿಕೆ ಇನ್ನೂ ಬಿಚ್ಚಿರಲಿಲ್ಲ.

ಮಲ್ಲಿಕಾಳಿಗೆ ಆಗ ಅನುಮಾನ ಉಳಿಯಲಿಲ್ಲ. ಆಣೆ ಮಾಡಿದ್ದು ಅದು. ತಪ್ಪು ಹೇಳಿಕೊಂಡದ್ದು ತನ್ನ ತಮ್ಮ. ಪೊಟ್ಟಣ ತೆಗೆದುಕೊಂಡು ಸೆರಗಿನ ಗಂಟಿಗೆ ಹಾಕಿದಳು. ಇನ್ನೊಂದು ಕೈಯಲ್ಲಿದ್ದ ಗುಳಿಗೆಯನ್ನು ಮುಂದೆ ಹಿಡಿದಳು.

"ಇಲ್ಲ್ಯಾ?" ಎಂದ ಸಾಗರ ಅಂಜಿ. "ತ್ವಾಟದಾಗ? ದೊಡ್ಡಪ್ಪ..."

ದೊಡ್ಡಪ್ಪ ಅವಳ ಹಿಂದೆಯೇ ಬಂದು ನಿಂತಿದ್ದ. ಬರಿಗಾಲು ಮಣ್ಣಿನಲ್ಲಿ ಹೂತಿದ್ದವು. ಹೌದು ಎನ್ನಲಿಲ್ಲ, ಬೇಡವೂ ಎನ್ನಲಿಲ್ಲ. ಮಲ್ಲಿಕಾ ಕಾಯಲಿಲ್ಲ. "ಬಾಯಿ ತಗಿ," ಎಂದಳು.

ಗುಳಿಗೆ ನಾಲಿಗೆಯ ಕೆಳಗೆ ಹೋಯಿತು. ತುಟಿ ಮುಚ್ಚಿತು. ಅವಳು ಆ ಒದ್ದೆ ಮಣ್ಣಿನಲ್ಲೇ, ಉಟ್ಟ ಸೀರೆಯಲ್ಲೇ, ಎದುರಿಗೆ ಕೂತಳು. ತೋಟ ಉಸಿರು ಹಿಡಿದಂತಿತ್ತು.

"ದೊಡ್ಡಪ್ಪಾ," ಎಂದಿತು ದನಿ.

ಮುದುಕ ಒಮ್ಮೆಲೇ ಅದುರಿದ. ಇದುವರೆಗೆ ಅದು ಅವನನ್ನು ಕರೆದಿರಲಿಲ್ಲ.

"ದೊಡ್ಡಪ್ಪಾ, ಅವತ್ತ ನನ್ನ ನೀನ ಎತ್ತಿದಿ. ಇವತ್ತ ಅಂವನ್ನ ಮಾತ್ರ ನೋಡಾಕತ್ತೀ. ನಾ ಇಲ್ಲೆ ಅದೇನಲ್ಲ. ನನ್ನೂ ಎಬ್ಬಸು. ಚಳಿ ಆಗತೈತಿ."

ಉಳಿವೆಪ್ಪ ನೆಲದ ಆ ನೆರಳಿನ ಕಡೆ ಒಂದು ಹೆಜ್ಜೆ ಇಟ್ಟ. ಕೈ ಚಾಚಿದ. ಆಗ ಸಾಗರ ಬಾಯಿ ಮುಚ್ಚಿಕೊಂಡೇ, ಕೂತಲ್ಲಿಂದಲೇ, ದೊಡ್ಡಪ್ಪನ ಧೋತರದ ಚುಂಗು ಹಿಡಿದ. ಅಷ್ಟೇ. ಚಿಕ್ಕವನಿದ್ದಾಗ ಸಂತೆಯಲ್ಲಿ ಹಿಡಿಯುತ್ತಿದ್ದಂತೆ.

ಮುದುಕ ಕೆಳಗೆ ನೋಡಿದ. ತನ್ನ ಧೋತರ ಹಿಡಿದ ಕೈಯ ಮುಳ್ಳೆದ್ದ ಚರ್ಮ, ಬೆವರು, ನಡುಕ, ಎಲ್ಲ ನೋಡಿದ. ಚಾಚಿದ ಕೈಯನ್ನು ತಿರುಗಿಸಿ ಆ ಕೈಯ ಮೇಲಿಟ್ಟ. ಆಮೇಲೆ ಬರಿಯ ಮಣ್ಣಿಗೆ ಹೇಳಿದ, ಹೊಸ್ತಿಲಲ್ಲಿ ನಿಂತ ಅಪರಿಚಿತನಿಗೆ ಹೇಳುವಷ್ಟು ಮರ್ಯಾದೆಯಿಂದ:

"ನೀವು ಯಾರೋ ನನಗ ಗುರ್ತಿಲ್ರೀ. ನಮ್ಮ ಹುಡುಗ ಇಲ್ಲೆ ಕುಂತಾನ."

ಗುಳಿಗೆ ಕರಗಿತು. ಸಾಗರ ಕೇಳದೆಯೇ ಬಾಯಿ ತೆರೆದು, ನಾಲಿಗೆ ಎತ್ತಿ, ಮೊದಲು ಅಕ್ಕನಿಗೆ, ಆಮೇಲೆ ದೊಡ್ಡಪ್ಪನಿಗೆ ತೋರಿಸಿದ.

ಬಳ್ಳಿ ಇಳಿಸುವುದು ಒಂದು ದಿನ ತಡವಾಗಿ ಶುರುವಾಯಿತು. ಸಾಗರ ತೋಟಕ್ಕೆ ಬಂದ, ಬೆಳಗಿನ ಗುಳಿಗೆ ಮುಗಿಸಿಕೊಂಡೇ. ಸಂಕಟ ಪೂರ್ತಿ ಇಳಿದಿರಲಿಲ್ಲ. ಕೈ ನಡುಗಿ ಒಂದೆರಡು ಬಳ್ಳಿ ಮುರಿದವು. "ಮುರೀ, ಮುರೀ," ಎಂದು ದೊಡ್ಡಪ್ಪ ಬೈದ, "ನಿಮ್ಮಪ್ಪ ಎಷ್ಟ ಮುರದಿದ್ದ ಕೇಳಬ್ಯಾಡ." ಚಳಿಗಾಲದಲ್ಲಿ ಹೊಸ ಕುಡಿಗಳ ಪೈಕಿ ಕೆಲವು ಬಾಡಿದವು. ದೊಡ್ಡಪ್ಪ ಬುಡ ಕೆದರಿ, ಬೇರನ್ನು ಉಗುರಿನಿಂದ ಗೀಚಿ ನೋಡಿ, ಕೊಳೆತದ್ದನ್ನು ಒಗೆದ. ಏಕೆ ಬಾಡಿದವು ಎಂದು ಅವನೂ ಹೇಳಲಿಲ್ಲ, ಮಲ್ಲಿಕಾಳೂ ಕೇಳಲಿಲ್ಲ. ಎಷ್ಟು ವರ್ಷ ಈ ಗುಳಿಗೆ ಎಂದು ಡಾಕ್ಟರಮ್ಮನನ್ನು ಕೇಳಿದಾಗ, ಬೇಕಾದಷ್ಟು ವರ್ಷ ಎಂದಿದ್ದರು. ಅವಳು ಅದನ್ನು ಮನೆಯಲ್ಲಿ ಹಾಗೆಯೇ, ಒಂದು ಶಬ್ದ ಹೆಚ್ಚುಕಡಿಮೆ ಮಾಡದೆ ಹೇಳಿದಳು.

ದನಿ ಹೋಗಲಿಲ್ಲ. ಹೋಗುತ್ತದೆ ಎಂದು ಈಗ ಅವಳು ಕಾಯುವುದೂ ಇಲ್ಲ. ಕೆಲವು ಬೆಳಿಗ್ಗೆ ಬರುತ್ತದೆ, ಕೆಲವು ವಾರ ಬರುವುದಿಲ್ಲ. ಬಯ್ಯುತ್ತದೆ, ನಗುತ್ತದೆ, ಹೆಸರು ಹಿಡಿದು ಕರೆಯುತ್ತದೆ. ಅವಳು ಕೂತಲ್ಲಿಂದ ಏಳುವುದಿಲ್ಲ.

ಯುಗಾದಿಯ ಮುಂಚಿನ ಒಂದು ಬೆಳಿಗ್ಗೆ ಅದು ಅತ್ತಿತು. ಅದೂ ದೊಡ್ಡವನ ಅಳುವಲ್ಲ. ಅವ್ವ ತೀರಿಹೋದ ವರ್ಷ, ರಾತ್ರಿಯೆಲ್ಲ ಅಕ್ಕನ ಕೊರಳು ಬಿಡದೆ ಮಲಗುತ್ತಿದ್ದ ಪುಟ್ಟ ಸಾಗರನ ಬಿಕ್ಕಳಿಕೆ. ಆ ಬಿಕ್ಕಳಿಕೆಗೆ ಉಳಿದವರೆಲ್ಲ ನಿದ್ದೆ ಮಾಡಿದರೂ ಅವಳೊಬ್ಬಳು ಏಳುತ್ತಿದ್ದಳು. ಅದನ್ನು ಅವಳಲ್ಲದೆ ಈ ಲೋಕದಲ್ಲಿ ಯಾರೂ ಕೇಳಿರಲಿಲ್ಲ. ಅದು ಎಲ್ಲಿಂದ ಕಲಿಯಿತು? ಮಲ್ಲಿಕಾಳ ಮೈ ತಾನಾಗಿಯೇ ಮೇಲೆದ್ದಿತು. ಕಾಲು ಆಗಲೇ ಹಿತ್ತಲ ಬಾಗಿಲಿನತ್ತ ತಿರುಗಿತ್ತು.

ಅವಳ ಮುಂಗೈಯನ್ನು ಒಂದು ಕೈ ಹಿಡಿಯಿತು. ಸಾಗರ ನೆಲ ನೋಡುತ್ತಿರಲಿಲ್ಲ, ಅವಳನ್ನೇ ನೋಡುತ್ತಿದ್ದ. ಅವನ ಕಣ್ಣೂ ತುಂಬಿದ್ದವು. ಅವನಿಗೂ ಕೇಳಿಸುತ್ತಿತ್ತು. ತೋಟದಲ್ಲಷ್ಟೇ ಅಲ್ಲ, ಮೊದಲಿನಿಂದಲೂ ಕೇಳಿಸುತ್ತಿತ್ತು. ಬಾಯಿ ಬಿಡುವಂತಿರಲಿಲ್ಲ, ತಲೆಯನ್ನಷ್ಟೇ ಇಲ್ಲ ಎಂದು ಅಲ್ಲಾಡಿಸಿದ. ಹಿಡಿದ ಕೈಯನ್ನು ಮೆಲ್ಲಗೆ, ಮುರಿಯದಂತೆ, ಕೆಳಗೆ ಎಳೆದ.

ಮಲ್ಲಿಕಾ ಕೂತಳು. ಹಿತ್ತಲಲ್ಲಿ ಮಗು ಬಿಕ್ಕುತ್ತಲೇ ಇತ್ತು. ಅಕ್ಕ ತಮ್ಮ ಒಬ್ಬರ ಕೈ ಒಬ್ಬರು ಹಿಡಿದು, ಒಂದೂ ಮಾತಿಲ್ಲದೆ, ಗುಳಿಗೆ ಕರಗುವುದನ್ನು ಕಾಯುತ್ತಿದ್ದರು.